ಓದುಗರ ಪ್ರಶ್ನೋತ್ತರ: ಒಣಹುಲ್ಲಿನ ಪೆಂಡಿಯಲ್ಲಿ ಗೋಡೆ ಕಟ್ಟುವವರಿಗೆ

ಪ್ರಶ್ನೆ: ಹೊರ ಅಳತೆ 10 × 8 ಮೀಟರ್ ಇರುವ ಒಂದೇ ಅಂತಸ್ತಿನ ಮನೆಗೆ ನಕ್ಷೆ ಸಿದ್ಧವಾಗಿದೆ. ಇಟ್ಟಿಗೆಯ ಬದಲು ಒಣಹುಲ್ಲಿನ ಪೆಂಡಿ ಬಳಸಬೇಕೆಂದಿದ್ದೇವೆ. ನಕ್ಷೆಯನ್ನು ಹಾಗೇ ಇಟ್ಟುಕೊಂಡು ಗೋಡೆಯನ್ನಷ್ಟೇ ಬದಲಾಯಿಸಬಹುದೇ? ಎಷ್ಟು ಪೆಂಡಿ ಬೇಕಾದೀತು?

ಉತ್ತರ: ಬೇಡ. ಆ ನಕ್ಷೆ ಬರೆದದ್ದು 23 ಸೆಂ.ಮೀ. ದಪ್ಪದ ಗೋಡೆಗೆ. ಯಂತ್ರದಲ್ಲಿ ಕಟ್ಟಿದ ಎರಡು ದಾರದ ಪೆಂಡಿ ಸಾಮಾನ್ಯವಾಗಿ 35 ಸೆಂ.ಮೀ. ಎತ್ತರ, 45 ಅಗಲ, 90 ಉದ್ದ ಇರುತ್ತದೆ. ಅದನ್ನು ಮಲಗಿಸಿ, ಎರಡೂ ಬದಿಗೆ ಮೂರೂವರೆ ಸೆಂ.ಮೀ. ಗಾರೆ ಮಾಡಿದರೆ ಗೋಡೆ 52 ಸೆಂ.ಮೀ. ಆಗುತ್ತದೆ. ಇಟ್ಟಿಗೆ ಗೋಡೆಯಲ್ಲಿ 72 ಚದರ ಮೀಟರ್ ಸಿಗುತ್ತಿದ್ದ ಒಳಜಾಗ 62ಕ್ಕೆ ಇಳಿಯುತ್ತದೆ. ಅಂದರೆ ಒಂದು ಮಲಗುವ ಕೋಣೆಯೇ ಗೋಡೆಯ ಪಾಲು. ಜಾಗ ಉಳಿಸಲು ಪೆಂಡಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಗೋಡೆ 42 ಸೆಂ.ಮೀ.ಗೆ ಇಳಿದು, ಒಳಗೆ 65 ಚದರ ಮೀಟರ್‌ಗಿಂತ ತುಸು ಹೆಚ್ಚು ಉಳಿಯುತ್ತದೆ. ಶಾಖ ತಡೆಯುವುದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ದಾರಗಳು ಗೋಡೆಯ ಮೈಮೇಲೆಯೇ ಬರುವುದರಿಂದ ಕಂಬಕ್ಕಾಗಿ ಪೆಂಡಿ ಕೊರೆಯಲು ಹೋದರೆ ದಾರ ತುಂಡಾಗಿ ಪೆಂಡಿಯೇ ಬಿಚ್ಚಿಕೊಳ್ಳುತ್ತದೆ.

ನಕ್ಷೆಯನ್ನು ಮತ್ತೆ ಬರೆಸುವ ಮೊದಲು ಪೆಂಡಿ ಎಲ್ಲಿಂದ ಬರುತ್ತದೆಂದು ಗೊತ್ತು ಮಾಡಿಕೊಳ್ಳಿ. ಹತ್ತು ಪೆಂಡಿಗಳನ್ನು ಒತ್ತಾಗಿ ಸಾಲಾಗಿಟ್ಟು ಒಟ್ಟು ಉದ್ದ ಅಳೆದು ಹತ್ತರಿಂದ ಭಾಗಿಸಿ. ಎತ್ತರಕ್ಕೂ ಹೀಗೇ, ಒಂದರ ಮೇಲೊಂದು ಪೇರಿಸಿ ಅಳೆಯಿರಿ. ಯಂತ್ರ ಬದಲಾದರೆ ಉದ್ದ ಹತ್ತು ಸೆಂ.ಮೀ. ಹೆಚ್ಚುಕಡಿಮೆಯಾಗುತ್ತದೆ. ಗೋಡೆಯ ಉದ್ದ, ಕಿಟಕಿಯ ಜಾಗ, ಬಾಗಿಲಿನ ಅಗಲ ಇವೆಲ್ಲ ಈ ಅಳತೆಯ ಇಡಿ ಅಥವಾ ಅರ್ಧ ಪೆಂಡಿಗೆ ಕೂಡಬೇಕು. ತಳಪಾಯ ಹಾಕಿಯಾದ ಮೇಲೆ ಪೆಂಡಿ ಅಳೆದವರು ಪ್ರತಿ ವರಸೆಯಲ್ಲೂ ಒಂದನ್ನು ದಬ್ಬಳ ಹಿಡಿದು ಬಿಚ್ಚಿ, ಮತ್ತೆ ಕಟ್ಟಿ, ಗಿಡ್ಡ ಮಾಡುತ್ತಾ ಕೂರಬೇಕಾಗುತ್ತದೆ. ಎರಡು ಕಿಟಕಿಗಳ ನಡುವೆ ಕಡೇಪಕ್ಷ ಒಂದು ಇಡೀ ಪೆಂಡಿ ಇರಲಿ. ಅರ್ಧ ಪೆಂಡಿಗಳನ್ನೇ ಪೇರಿಸಿದ ಕಂಬ ಅಲ್ಲಾಡುತ್ತದೆ.

ಇನ್ನು ಸಂಖ್ಯೆ. ಸುತ್ತಳತೆ 36 ಮೀ., ಎತ್ತರ 2.8 ಮೀ., ಅಂದರೆ ಎಂಟು ವರಸೆ. ಒಟ್ಟು 100.8 ಚದರ ಮೀಟರಿನಲ್ಲಿ ಬಾಗಿಲು ಕಿಟಕಿಗೆ 18 ಕಳೆದರೆ 82.8. ಮಲಗಿಸಿದ ಪೆಂಡಿಯೊಂದು ಮುಚ್ಚುವುದು 0.315 ಚದರ ಮೀಟರ್. ಹಾಗಾಗಿ 263. ಒಡೆದು ಹೋಗುವುದು, ನೆನೆದು ಹೋಗುವುದು ಎಂದು ನೂರಕ್ಕೆ ಹತ್ತು ಸೇರಿಸಿ 290 ತರಿಸಿ. ಸಂದುಗಳಿಗೆ ತುರುಕಲು ಬಿಡಿ ಹುಲ್ಲು ಎಷ್ಟಿದ್ದರೂ ಸಾಲದು. ಮಿಕ್ಕ ಪೆಂಡಿ ಅದಕ್ಕಾಗುತ್ತದೆ.

ಪ್ರಶ್ನೆ: ಮಾಡಿನ ಭಾರವನ್ನು ಪೆಂಡಿಗಳೇ ಹೊರಬಲ್ಲವೇ? ಅಥವಾ ಮರದ ಚೌಕಟ್ಟು ಬೇಕೇ?

ಉತ್ತರ: ಎರಡೂ ನಿಂತಿವೆ. ಅಮೆರಿಕದ ನೆಬ್ರಾಸ್ಕಾದ ಆರ್ಥರ್ ಊರಿನಲ್ಲಿ 1928ರಲ್ಲಿ ಕಟ್ಟಿದ ಚರ್ಚಿನ ಮಾಡನ್ನು ಪೆಂಡಿಗಳೇ ಹೊತ್ತಿವೆ. ಫ್ರಾನ್ಸಿನ ಮೊಂತಾರ್ಜಿಯಲ್ಲಿ 1920ರ ಫ್ಯುಯೆಟ್ ಮನೆ ಮರದ ಚೌಕಟ್ಟಿನದು, ಪೆಂಡಿ ಅದರೊಳಗೆ ತುಂಬಿದ್ದು.

ಮೊದಲ ಸಲ ಕಟ್ಟುವವರಿಗೆ ನಮ್ಮ ಸಲಹೆ ಚೌಕಟ್ಟು. ಕಾರಣ ಬಲವಲ್ಲ, ಮಳೆ. ಚೌಕಟ್ಟು ಎಬ್ಬಿಸಿ ಮಾಡು ಹೊದಿಸಿದ ಮೇಲೆ ಪೆಂಡಿ ತಂದರೆ ಒಂದು ಹನಿಯೂ ಬೀಳುವುದಿಲ್ಲ. ಕಂಬಗಳನ್ನು ಗೋಡೆಯ ಒಳಮೈಗೆ ತಾಗಿಸಿ ನಿಲ್ಲಿಸಿ. ಗೋಡೆಯ ಮಧ್ಯೆ ನಿಲ್ಲಿಸಿದರೆ ಪ್ರತಿ ಕಂಬದ ಬಳಿ ಪ್ರತಿ ಪೆಂಡಿಯನ್ನೂ ಕೊರೆಯಬೇಕು, ಆ ಕೆಲಸಕ್ಕೇ ಅರ್ಧದಷ್ಟು ದಿನಗಳು ಹೋಗುತ್ತವೆ.

ಪೆಂಡಿಯ ಮೇಲೆಯೇ ಮಾಡು ಕೂರಿಸುವುದಾದರೆ ಗೋಡೆಯ ಎತ್ತರ ಪೆಂಡಿಯ ಅಗಲದ ಆರು ಪಟ್ಟು ಮೀರದಿರಲಿ. 45 ಸೆಂ.ಮೀ. ಅಗಲಕ್ಕೆ 2.7 ಮೀ., ಅಂದರೆ ಏಳೇ ವರಸೆ. ಮೇಲಿನ ಪ್ರಶ್ನೆಯ ಎಂಟು ವರಸೆಯ ಗೋಡೆ ಇದಕ್ಕೆ ಒಗ್ಗುವುದಿಲ್ಲ. ತುದಿಯಲ್ಲಿ ಸುತ್ತಲೂ ಮರದ ಪಟ್ಟಿ ಕೂರಿಸಿ, ತಳಪಾಯದಿಂದ ಬಂದ ಬಿಗಿಪಟ್ಟಿಗಳಿಂದ ಎರಡೂ ಬದಿ ಸಮನಾಗಿ ಬಿಗಿಯಬೇಕು. ಗೋಡೆ ಐದರಿಂದ ಹತ್ತು ಸೆಂ.ಮೀ. ಕುಗ್ಗುವುದು ಸಹಜ. ಕಿಟಕಿ ಚೌಕಟ್ಟಿನ ನೆತ್ತಿಯ ಮೇಲೆ ಅಷ್ಟು ಸಂದು ಬಿಟ್ಟಿರದಿದ್ದರೆ ಭಾರ ಅದರ ಮೇಲೆ ಕೂತು ಗಾಜು ಸೀಳುತ್ತದೆ. ಕುಗ್ಗುವುದು ನಿಂತ ಮೇಲೆಯೇ ಗಾರೆ. ಚೌಕಟ್ಟಿದ್ದರೂ ಇಲ್ಲದಿದ್ದರೂ ಗಾಳಿ, ಭೂಕಂಪದ ಲೆಕ್ಕ ಎಂಜಿನಿಯರ್ ಹಾಕಲಿ.

ಪ್ರಶ್ನೆ: ಪೆಂಡಿ ಕಟ್ಟಡಕ್ಕೆ ಯೋಗ್ಯವೋ ಅಲ್ಲವೋ ಎಂದು ನೋಡುವುದು ಹೇಗೆ?

ಉತ್ತರ: ಹಸಿರು ಮೇವನ್ನು ಒಣಗಿಸಿ ಕಟ್ಟಿದ ಪೆಂಡಿ ಬೇಡ. ಅದರಲ್ಲಿ ಎಲೆ, ಬೀಜ ಇರುವುದರಿಂದ ಹುಳು ಇಲಿಗಳಿಗೆ ಅದು ಊಟ. ಕಾಳು ಬೇರ್ಪಡಿಸಿದ ಗೋಧಿ, ಬಾರ್ಲಿ, ಭತ್ತದ ಹುಲ್ಲು ಬೇಕು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ, ಕತ್ತರಿಸುವ ಅಲಗು ಮಾತ್ರ ಬೇಗ ಮೊಂಡಾಗುತ್ತದೆ.

ಬಿಗಿ ನೋಡಲು ತೂಗಿ. ಒಂದು ಘನಮೀಟರಿಗೆ 104 ಕೆ.ಜಿ. ಎಂಬುದು ಅಮೆರಿಕದ ವಸತಿ ಕಟ್ಟಡ ಸಂಹಿತೆ ಒಪ್ಪುವ ಕನಿಷ್ಠ ಸಾಂದ್ರತೆ. 35 × 45 × 90ರ ಪೆಂಡಿಗೆ ಇದು ಸುಮಾರು 15 ಕೆ.ಜಿ. ಆದರೆ ನೆನೆದ ಪೆಂಡಿಯೂ ಭಾರವೇ, ಆದ್ದರಿಂದ ತೇವವನ್ನು ಬೇರೆಯಾಗಿ ನೋಡಬೇಕು. ಉದ್ದ ಕಡ್ಡಿಯ ತೇವಮಾಪಕವನ್ನು ಪೆಂಡಿಯ ನಡುವಿಗೆ ಚುಚ್ಚಿದಾಗ ನೂರಕ್ಕೆ 20ಕ್ಕಿಂತ ಕಡಿಮೆ ತೋರಿಸಬೇಕು, 15ರ ಆಸುಪಾಸಿದ್ದರೆ ನಿಶ್ಚಿಂತೆ. ಮಾಪಕ ಇಲ್ಲದಿದ್ದರೆ ನಡುವಿನಿಂದ 100 ಗ್ರಾಂ ಹುಲ್ಲು ಕಿತ್ತು, 105 ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 80 ಗ್ರಾಂಗಿಂತ ಕೆಳಗೆ ಬಂದರೆ ಆ ಪೆಂಡಿ ಬೇಡ. ಎದೆಗೂದಲಿನಂತೆ ಕಪ್ಪು ಬೂಷ್ಟು ಕಂಡರೆ, ಮುಗ್ಗು ವಾಸನೆ ಬಂದರೆ ಅಳೆಯುವ ಶ್ರಮವೂ ಬೇಡ.

ಶೇಖರಿಸುವಾಗ ನೆಲದಿಂದ ಮೇಲೆ ಹಲಗೆಯ ಮೇಲಿಟ್ಟು ನೆತ್ತಿಯನ್ನಷ್ಟೇ ಮುಚ್ಚಿ, ಬದಿ ತೆರೆದಿರಲಿ. ಪೂರ್ತಿ ಸುತ್ತಿದ ಟಾರ್ಪಾಲಿನೊಳಗೆ ಹುಲ್ಲು ಬೆವರುತ್ತದೆ.

ಪ್ರಶ್ನೆ: ಗಾಳಿಮಳೆ ಹೆಚ್ಚಿರುವ ಜಾಗ. ಪೆಂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿದರೆ ಭದ್ರವಲ್ಲವೇ?

ಉತ್ತರ: ಹುಲ್ಲು ಕೊಳೆಯಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅಡುಗೆ, ಸ್ನಾನ, ಉಸಿರಿನಿಂದ ಬರುವ ಆವಿ ಗೋಡೆಯೊಳಗೆ ನುಗ್ಗುತ್ತದೆ. ಪ್ಲಾಸ್ಟಿಕ್‌ನ ತಣ್ಣನೆಯ ಮೈ ತಾಗಿದಾಗ ಅದು ನೀರಾಗುತ್ತದೆ. ಸಿಮೆಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮಳೆನೀರು ಒಳಗೆಳೆದುಕೊಳ್ಳುತ್ತದೆ, ಆರಲು ಮಾತ್ರ ಬಿಡುವುದಿಲ್ಲ. ಗೋಡೆಯ ನಿಂತ ಮೈಗೆ ಜಲನಿರೋಧಕ ಹಾಳೆ ಕೂಡದು. ಮಲಗಿದ ಜಾಗಗಳಿಗೆ ಮಾತ್ರ ಅದು ಬೇಕೇ ಬೇಕು: ತಳಪಾಯಕ್ಕೂ ಮರದ ಪಟ್ಟಿಗೂ ನಡುವೆ, ಮತ್ತು ಕಿಟಕಿಯ ಹಲಗೆಯ ಕೆಳಗೆ.

ಮಳೆಯನ್ನು ಗೋಡೆ ಮುಟ್ಟುವ ಮೊದಲೇ ತಡೆಯುವುದು ವಿನ್ಯಾಸದ ಕೆಲಸ. ಸೂರು ಗೋಡೆಯಿಂದ 60ರಿಂದ 90 ಸೆಂ.ಮೀ. ಆಚೆ ಚಾಚಲಿ. ಗಾಳಿ ಹೊಡೆಯುವ ಬದಿಗೆ ಜಗಲಿ ಕೊಡಿ. ಅದಾಗದಿದ್ದರೆ ಗಾರೆಯ ಮೇಲೆ ಎರಡೂವರೆ ಸೆಂ.ಮೀ. ಗಾಳಿಸಂದು ಬಿಟ್ಟು ಹಲಗೆ ಹೊದಿಸಿ. ಮೊದಲ ವರಸೆ ಹೊರನೆಲದಿಂದ 30 ಸೆಂ.ಮೀ. ಮೇಲಿರಲಿ, ಸೂರಿನ ನೀರು ಸಿಡಿಯುವಲ್ಲಿ 45 ಬೇಕು. ಕಾಂಕ್ರೀಟಿನ ಮೇಲೆ ನೇರವಾಗಿ ಪೆಂಡಿ ಇಡಬೇಡಿ. ಗೋಡೆಯ ಎರಡು ಅಂಚಿಗೆ ಎರಡು ಮರದ ಪಟ್ಟಿ ಕೂರಿಸಿ, ನಡುವೆ ಜಲ್ಲಿ ತುಂಬಿ, ಅದರ ಮೇಲೆ ಇಡಿ. ಒಳಗೆ ಕೊಳಾಯಿ ಒಡೆದು ನೆಲದ ಮೇಲೆ ನೀರು ನಿಂತರೂ ಹುಲ್ಲಿಗೆ ತಾಗುವುದಿಲ್ಲ.

ಅತಿ ಹೆಚ್ಚು ಕೊಳೆಯುವುದು ಕಿಟಕಿಯ ಕೆಳಗಿನ ಎರಡು ಮೂಲೆ. ದಪ್ಪ ಗೋಡೆಯಲ್ಲಿ ಕಿಟಕಿಯನ್ನು ಒಳಕ್ಕೆ ತಳ್ಳಿದರೆ ಹೊರಗೆ ಅಗಲವಾದ ದಂಡೆ ಉಳಿದು ಅಲ್ಲಿ ನೀರು ನಿಲ್ಲುತ್ತದೆ. ಕಿಟಕಿಯನ್ನು ಹೊರಮೈಗೆ ತನ್ನಿ. ದಂಡೆ ಹೊರಕ್ಕೆ ಇಳಿಜಾರಾಗಿ, ಗಾರೆಯಿಂದ ನಾಲ್ಕು ಸೆಂ.ಮೀ. ಮುಂದೆ ಚಾಚಿ, ಅಡಿಯಲ್ಲಿ ನೀರು ಕಡಿಯುವ ಗೀರು ಇರಲಿ.

ಗಾರೆಗೆ ಒಳಗೆ ಮಣ್ಣು, ಹೊರಗೆ ಮಣ್ಣು ಇಲ್ಲವೇ ಸುಣ್ಣ. ಮೊದಲು ಮಜ್ಜಿಗೆಯಂಥ ಜೇಡಿಯನ್ನು ಕೈಯಿಂದ ಹುಲ್ಲಿನೊಳಕ್ಕೆ ತಿಕ್ಕಿ, ಇದನ್ನು ಬಿಟ್ಟರೆ ಮೇಲಿನ ಪದರ ಹಪ್ಪಳದಂತೆ ಎದ್ದು ಬರುತ್ತದೆ. ಆಮೇಲೆ ಒಂದು ಪಾಲು ಜೇಡಿಗೆ ಎರಡರಿಂದ ಮೂರು ಪಾಲು ಮರಳು, ಜೊತೆಗೆ ಕೊಚ್ಚಿದ ಹುಲ್ಲು. ಪ್ರಮಾಣ ಮಣ್ಣಿಂದ ಮಣ್ಣಿಗೆ ಬೇರೆ, ಅದಕ್ಕೇ ಮೂರು ಮಿಶ್ರಣಗಳನ್ನು ಒಂದೊಂದು ಚದರ ಅಡಿ ಬಳಿದು ಒಣಗಲು ಬಿಡಿ. ಬಿರಿದರೆ ಜೇಡಿ ಹೆಚ್ಚು, ಬೆರಳಿಗೆ ಪುಡಿ ಉದುರಿದರೆ ಮರಳು ಹೆಚ್ಚು.

ಪ್ರಶ್ನೆ: ಬೆಂಕಿ, ಇಲಿ?

ಉತ್ತರ: ಬಿಗಿಯಾದ ಪೆಂಡಿಯಲ್ಲಿ ಉರಿಯಲು ಬೇಕಾದಷ್ಟು ಗಾಳಿಯಿಲ್ಲ. ಗೋಡೆ ಬೆಂಕಿಯನ್ನು ಎಷ್ಟು ಹೊತ್ತು ತಡೆಯುತ್ತದೆಂದು ನೋಡುವ ಅಮೆರಿಕದ ಎಎಸ್‌ಟಿಎಂ ಇ-119 ಪರೀಕ್ಷೆಯಲ್ಲಿ ಮಣ್ಣಿನ ಗಾರೆಯ ಪೆಂಡಿಗೋಡೆ ಒಂದು ಗಂಟೆ ತಡೆದಿದೆ. ಅಪಾಯವಿರುವುದು ಗಾರೆಗೆ ಮೊದಲು, ನೆಲದ ಮೇಲೆ ಹರಡಿದ ಬಿಡಿಹುಲ್ಲಿನಿಂದ. ಪ್ರತಿ ಸಂಜೆ ಗುಡಿಸಿ ದೂರ ಹಾಕಿ, ವೆಲ್ಡಿಂಗ್ ಎಲ್ಲ ಪೆಂಡಿ ಬರುವ ಮೊದಲೇ ಮುಗಿಸಿ. ಇಲಿ ಬರುವುದು ಸಂದಿನಲ್ಲಿ. ಪೆಂಡಿಗಳ ನಡುವಿನ ಪ್ರತಿ ಸಂದಿಗೂ ಜೇಡಿಯಲ್ಲಿ ಅದ್ದಿದ ಹುಲ್ಲು ಒತ್ತಿ ತುಂಬಿ, ಮಾಡಿನ ಕೆಳಗೆ ಮರೆಯಾಗುವ ಗೋಡೆಯ ತುದಿಯನ್ನೂ ಬಿಡದೆ ಗಾರೆ ಮಾಡಿ.

ಪ್ರಶ್ನೆ: ನಲ್ಲಿ ಪೈಪು, ವಿದ್ಯುತ್ ತಂತಿಗಳನ್ನು ಈ ಗೋಡೆಯಲ್ಲಿ ಹೇಗೆ ಒಯ್ಯುವುದು?

ಉತ್ತರ: ನೀರಿನ ಪೈಪು ಪೆಂಡಿಗೋಡೆಯೊಳಗೆ ಬೇಡವೇ ಬೇಡ. ಬಚ್ಚಲು, ಅಡುಗೆಮನೆಯ ನಲ್ಲಿಗಳನ್ನು ಒಳಗಿನ ಅಡ್ಡಗೋಡೆಗೆ ಬರುವಂತೆ ನಕ್ಷೆಯಲ್ಲೇ ಕೂರಿಸಿ. ತಂತಿಯನ್ನು ಕೊಳವೆಯಲ್ಲಿ ಹಾಕಿ ವರಸೆಗಳ ನಡುವಿನ ಸಂದಿಗೆ ಒತ್ತಬಹುದು. ಸ್ವಿಚ್ ಪೆಟ್ಟಿಗೆಗೆ 30 ಸೆಂ.ಮೀ. ಉದ್ದದ ಚೂಪು ಮರದ ಗೂಟವನ್ನು ಪೆಂಡಿಗೆ ಹೊಡೆದು, ಅದಕ್ಕೆ ತಿರುಪು ಹಾಕಿ. ಕಪಾಟು ತೂಗಬೇಕಾದ ಕಡೆ ಗಾರೆಗೆ ಮೊದಲೇ ಅಡ್ಡಪಟ್ಟಿ ಕೂರಿಸಿ ಫೋಟೊ ತೆಗೆದಿಟ್ಟುಕೊಳ್ಳಿ. ಗಾರೆಯಾದ ಮೇಲೆ ಪಟ್ಟಿ ಎಲ್ಲಿದೆಯೆಂದು ಗೋಡೆ ತಟ್ಟಿ ತಿಳಿಯಲಾಗದು.