ಎದೆಬಡಿತ ಹತೋಟಿಗೆ ಬಂದ ಮೇಲೆ ಅಸಿಟ್ರೋಮ್ ನಿಲ್ಲಿಸಬಹುದೇ?

ಸಂಧಿವಾತ ಜ್ವರದ ದೆಸೆಯಿಂದ ನಿಮ್ಮ ತಾಯಿಯವರ ಹೃದಯದ ಮೈಟ್ರಲ್ ಕವಾಟ ಬಹಳ ಕಿರಿದಾಗಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎದೆಬಡಿತ ಲಯ ತಪ್ಪುವ ತೊಂದರೆ, ಶುರುವಾಗಿದೆ, ಈಗ ಎದೆ ಹೊಡೆದುಕೊಳ್ಳುವುದು ನಿಂತಿರುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ಬಿಡಬಹುದೇ, ಸೊಪ್ಪನ್ನು ಪೂರ್ತಿ ವರ್ಜಿಸಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ತೊಂದರೆಯೊಂದಿಗೆ ಒಂಬತ್ತು ವರ್ಷಗಳಿಂದ ಬಾಳುತ್ತಿರುವವನು.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎದೆಬಡಿತಕ್ಕೆಂದು ಕೊಡುವ ಮೆಟೊಪ್ರೊಲಾಲ್, ಡಿಗಾಕ್ಸಿನ್‌ಗಳು ನಾಡಿಯ ವೇಗವನ್ನು ತಗ್ಗಿಸುತ್ತವೆಯೇ ಹೊರತು ಲಯವನ್ನು ಸರಿಪಡಿಸುವುದಿಲ್ಲ. ತಾಯಿಯವರ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ಎಣಿಸಿ ನೋಡಿ: ಎರಡು ಬಡಿತ ಬೇಗ, ಒಂದು ತಡ, ಮತ್ತೊಂದು ಕೈಗೆ ಸಿಕ್ಕಿತೋ ಇಲ್ಲವೋ ಎಂಬಂತೆ ಇರಬಹುದು. ಹಾಗಿದ್ದರೆ ಹೃದಯದ ಮೇಲಿನ ಕೋಣೆ ಹಿಂಡಿಕೊಳ್ಳದೆ ಬರಿದೇ ಅದುರುತ್ತಿದೆ ಎಂದರ್ಥ. ಆ ಕೋಣೆಯ ಎಡಬದಿಯಲ್ಲಿರುವ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಲಯ ಸರಿಹೋದವರಲ್ಲೂ, ಕವಾಟ ಕಿರಿದಾಗಿರುವಾಗ, ಈ ಭಯ ತಪ್ಪುವುದಿಲ್ಲ.

ರಕ್ತಪರೀಕ್ಷೆಯ ಗೋಜಿಲ್ಲದ ಹೊಸ ಮಾತ್ರೆಗಳಿವೆಯಲ್ಲ ಎಂದು ಯಾರಾದರೂ ಹೇಳಿಯಾರು. ಭಾರತವೂ ಸೇರಿ 24 ದೇಶಗಳಲ್ಲಿ, ಸಂಧಿವಾತ ಜ್ವರದಿಂದ ಹೃದಯ ಕೆಟ್ಟ 4,500ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ, ರಿವರಾಕ್ಸಬಾನ್ ಎಂಬ ಹೊಸ ಮಾತ್ರೆ ಪಡೆದವರಿಗಿಂತ ಅಸಿಟ್ರೋಮ್‌ನಂಥ ಹಳೆಯ ಬಗೆಯ ಮಾತ್ರೆ ಪಡೆದವರಲ್ಲೇ ಸಾವು ಕಡಿಮೆಯಿತ್ತು. ಆದ್ದರಿಂದ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ಅಳೆಯುವ ಐಎನ್‌ಆರ್ ಪರೀಕ್ಷೆಯ ಓಡಾಟ ನಮ್ಮಂಥವರಿಗೆ ತಪ್ಪಿದ್ದಲ್ಲ. ಸಾಮಾನ್ಯವಾಗಿ ಅದು 2ರಿಂದ 3ರ ನಡುವೆ ಇರಬೇಕು.

ಸೊಪ್ಪನ್ನು ಬಿಡಬೇಕಾಗಿಲ್ಲ. ಸೊಪ್ಪಿನ ವಿಟಮಿನ್ ಕೆ ಮಾತ್ರೆಗೆ ಎದುರಾಗಿ ನಿಲ್ಲುವುದು ನಿಜ. ಆದರೆ ವಾರಕ್ಕೆ ಎರಡು ದಿನ ಬಸ್ಸಾರು ಉಣ್ಣುವವರು ಎರಡೇ ದಿನ ಉಣ್ಣುತ್ತಿದ್ದರೆ ವೈದ್ಯರು ಅದಕ್ಕೆ ತಕ್ಕಂತೆ ಪ್ರಮಾಣವನ್ನು ಹೊಂದಿಸುತ್ತಾರೆ. ಒಂದು ವಾರ ದಿನವೂ ನುಗ್ಗೆಸೊಪ್ಪು, ಮರುವಾರ ಏನೂ ಇಲ್ಲ ಎನ್ನುವಂತಾದರೆ ಲೆಕ್ಕ ತಪ್ಪುತ್ತದೆ.

ನನ್ನನ್ನು ಕೆಡಿಸಿದ್ದು ಸೊಪ್ಪಲ್ಲ, ಭೇದಿಗೆಂದು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಿ ತಂದ ಮೆಟ್ರೊನಿಡಜೋಲ್. ಐದನೆಯ ದಿನ ಹಲ್ಲುಜ್ಜಿ ಉಗುಳಿದ ನೊರೆ ಕೆಂಪಗಿತ್ತು, ಮೊಳಕಾಲಿನ ಬಳಿ ಪೆಟ್ಟೇ ಬೀಳದೆ ಅಂಗೈಯಗಲ ಕಪ್ಪಾಗಿತ್ತು, ಐಎನ್‌ಆರ್ 6.4ಕ್ಕೆ ಏರಿತ್ತು. ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುವುದೂ ಅಷ್ಟೇ ಅಪಾಯ. ಹಲ್ಲು ಕೀಳಿಸುವ ಮುನ್ನ, ಸೊಂಟಕ್ಕೆ ಚುಚ್ಚುಮದ್ದು ಹಾಕಿಸುವ ಮುನ್ನ ಅಸಿಟ್ರೋಮ್ ವಿಷಯ ಹೇಳಲೇಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಬಾಯಿ ವಾರೆಯಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಐಎನ್‌ಆರ್ 1.7ಕ್ಕಿಂತ ಹೆಚ್ಚಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕೊಡುವುದಿಲ್ಲವಾದ್ದರಿಂದ ಆಸ್ಪತ್ರೆಯವರು ಮೊದಲು ಕೇಳುವುದೇ ಇದನ್ನು. ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಐಎನ್‌ಆರ್, ಅದರ ತಾರೀಖು ಬರೆದ ಚೀಟಿ ತಾಯಿಯವರ ಕೈಚೀಲದಲ್ಲಿ ಸದಾ ಇರಲಿ. ನನ್ನದು ಬಸ್ ಪಾಸಿನ ಹಿಂದೆ ಇದೆ.