ಮೇಲಿನ ಕೋಣೆಯ ಕಂಪ್ಯೂಟರ್, ಗೇಮ್ ಕನ್ಸೋಲ್‌ಗಳಿಗೆ ಹೊಸ ರೂಟರ್ ಕೊಳ್ಳಬೇಕೇ?

ನಿಮ್ಮದು ಎರಡು ಅಂತಸ್ತಿನ ಮನೆ. ಫೈಬರ್ ಕಂಪನಿಯವರು ಕೊಟ್ಟ ರೂಟರ್ ಕೆಳಗಿನ ಹಾಲ್‌ನಲ್ಲಿದೆ. ಎರಡು ಕಂಪ್ಯೂಟರ್, ಒಂದು ಪ್ಲೇಸ್ಟೇಷನ್ 5 ಮತ್ತು ಒಂದು ನಿಂಟೆಂಡೊ ಸ್ವಿಚ್ ಮೇಲಿನ ಕೋಣೆಯಲ್ಲಿವೆ. 300 ಎಂಬಿಪಿಎಸ್ ಪ್ಲಾನ್ ಇದ್ದರೂ ಸಂಜೆ ಆಟ ತಡೆದು ತಡೆದು ಸಾಗುತ್ತದೆ. ಅಂಗಡಿಯವರು ಆರು ಆಂಟೆನಾಗಳ ದುಬಾರಿ ಗೇಮಿಂಗ್ ರೂಟರ್ ತೋರಿಸಿದ್ದಾರೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದರ ಒಂದು ಪಾಲು ಹಣದಲ್ಲಿ ಕೆಳಗಿನಿಂದ ಮೇಲಕ್ಕೆ ಒಂದು ಒಳ್ಳೆಯ ಲ್ಯಾನ್ ಕೇಬಲ್ ಎಳೆಸಿ, ಮೇಲಿನ ಕೋಣೆಯಲ್ಲಿ ಒಂದು ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ನೆಟ್‌ವರ್ಕ್ ಸ್ವಿಚ್, ಅಂದರೆ ಒಂದು ಲ್ಯಾನ್ ಕೇಬಲಿನ ಸಂಪರ್ಕವನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆ, ಇಡಿ.

ಆನ್‌ಲೈನ್ ಆಟಕ್ಕೆ ಬೇಕಾಗುವ ಡೇಟಾ ಬಹಳ ಕಡಿಮೆ. ಅಲ್ಲಿ ಮುಖ್ಯವಾಗುವುದು ಪ್ರತಿಯೊಂದು ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಣುಕು, ಹೋಗಿ ಬರಲು ಹಿಡಿಯುವ ಸಮಯ ಮತ್ತು ಆ ಸಮಯ ಒಂದೇ ಸಮನಾಗಿರುವುದು. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಮ್ಮೆಗೆ ಒಂದೇ ಸಾಧನ ಮಾತನಾಡುವುದರಿಂದ ಉಳಿದವು ತಮ್ಮ ಸರದಿಗೆ ಕಾಯಬೇಕಾಗುತ್ತದೆ, ವೈಫೈ ಬಳಸುವ ರೇಡಿಯೊ ಬ್ಯಾಂಡ್‌ಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ ಆಗಿದ್ದು, ಸಂಜೆಯ ಹೊತ್ತಿಗೆ ಅಕ್ಕಪಕ್ಕದ ಮನೆಗಳೆಲ್ಲ ಅವುಗಳ ಮೇಲೆಯೇ ಇರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚಿದ್ದರೂ ಕಬ್ಬಿಣದ ಸರಳುಗಳಿರುವ ಆರ್‌ಸಿಸಿ ಛಾವಣಿಯನ್ನು ದಾಟುವಾಗ ಆ ಸಿಗ್ನಲ್ ತೀರಾ ಸೊರಗುತ್ತದೆ. ಆಂಟೆನಾಗಳ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಈ ಛಾವಣಿ ತೆಳ್ಳಗಾಗುವುದಿಲ್ಲ.

ಏನನ್ನೂ ಕೊಳ್ಳುವ ಮುನ್ನ ಮೇಲಿನ ಕಂಪ್ಯೂಟರಿನಿಂದ ನಿಮ್ಮ ರೂಟರಿನ ವಿಳಾಸಕ್ಕೆ, ಅಂದರೆ ಸಾಮಾನ್ಯವಾಗಿ 192.168.1.1ಕ್ಕೆ, ಹತ್ತು ನಿಮಿಷ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಸಮಯ ಅಳೆದು, ನೋಡಿ. ನಮ್ಮ ಮನೆಯಲ್ಲಿ ವೈಫೈ ಮೇಲೆ ಅದು ಒಮ್ಮೆ 4 ಮಿಲಿಸೆಕೆಂಡ್, ಮರುಕ್ಷಣ 70 ಎಂದು ಕುಣಿಯುತ್ತಿತ್ತು. ಕೇಬಲ್ ಹಾಕಿದ ದಿನದಿಂದ ಒಂದಕ್ಕಿಂತ ಮೇಲೆ ಹೋಗಿದ್ದನ್ನು ನಾನು ಕಂಡಿಲ್ಲ.

ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಲ್ಯಾನ್ ಕೇಬಲ್ ದರ್ಜೆಗಳಲ್ಲಿ ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ ಒಂದು ಗಿಗಾಬಿಟ್ ವೇಗವನ್ನು ಒಯ್ಯುತ್ತದೆ. ಆದರೆ ಗೋಡೆಯೊಳಗೆ ಹೋಗುವ ಕೇಬಲನ್ನು ಪದೇ ಪದೇ ಬದಲಿಸಲಾಗದ ಕಾರಣ ಕ್ಯಾಟ್ 6 ಹಾಕಿಸುವುದು ಮೇಲು. ಅದು ಶುದ್ಧ ತಾಮ್ರದ್ದಾಗಿರಬೇಕು. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಬ್ಲೇಡಿನಿಂದ ತಂತಿಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಎರಡು ಮೂರು ಸಲ ಬಗ್ಗಿಸಿದರೆ ಮುರಿದೂ ಹೋಗಬಹುದು. ಕರೆಂಟ್ ವೈರ್ ಇರುವ ಪೈಪಿನಲ್ಲೇ ಇದನ್ನೂ ತೂರಿಸುತ್ತೇನೆ ಎಂದು ಎಲೆಕ್ಟ್ರಿಷಿಯನ್ ಹೇಳಿದರೆ ಖಂಡಿತ ಒಪ್ಪಬೇಡಿ, ಬೇರೆ ಪೈಪ್ ಹಾಕಿಸಿ.

ಕೇಬಲಿನ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡುವ, ಅಂದರೆ ಒತ್ತಿ ಕೂರಿಸುವ, ಕೆಲಸವನ್ನೂ ಎದುರಿಗೆ ನಿಂತು ನೋಡಿ. ನಮ್ಮಲ್ಲಿ ಎಲ್ಲವೂ ಸರಿಯಾಗಿದೆ ಎಂದುಕೊಂಡ ಮೇಲೂ ವೇಗ 94 ಎಂಬಿಪಿಎಸ್ ದಾಟುತ್ತಿರಲಿಲ್ಲ, ಎರಡು ವಾರ ನಾನು ರೂಟರನ್ನೇ ದೂರುತ್ತಿದ್ದೆ. ಕೊನೆಗೆ ಕನೆಕ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಏಳು ತಂತಿಗಳು ತುದಿ ಮುಟ್ಟಿದ್ದವು, ಎಂಟನೆಯ ಕಂದು ತಂತಿ ಅಕ್ಕಿಕಾಳಿನಷ್ಟು ಹಿಂದೆಯೇ ನಿಂತಿತ್ತು. 100 ಎಂಬಿಪಿಎಸ್‌ಗೆ ನಾಲ್ಕು ತಂತಿಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ತಂತಿ ಕೈಕೊಟ್ಟರೆ ಸಂಪರ್ಕ ಕಡಿಯದೆ ಸದ್ದಿಲ್ಲದೆ ನೂರಕ್ಕೆ ಇಳಿಯುವುದರಿಂದ ಈ ದೋಷ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಇನ್ನು ನೆಟ್‌ವರ್ಕ್ ಸ್ವಿಚ್. ನಿಮ್ಮ ನಾಲ್ಕು ಸಾಧನಗಳು ಮತ್ತು ಕೆಳಗಿನಿಂದ ಬರುವ ಕೇಬಲ್ ಸೇರಿದರೆ ಐದು ಪೋರ್ಟ್‌ಗಳೂ ತುಂಬಿಬಿಡುತ್ತವೆ, ಹಾಗಾಗಿ ಎಂಟು ಪೋರ್ಟ್‌ಗಳದ್ದನ್ನೇ ತೆಗೆದುಕೊಳ್ಳಿ. ಯಾವ ಸೆಟ್ಟಿಂಗ್ ಕೂಡ ಬೇಡದ, ಪ್ಲಗ್ ಹಾಕಿದರೆ ನಡೆಯುವ ಸಾಧಾರಣ ಮಾದರಿ ಸಾಕು. ಪೆಟ್ಟಿಗೆಯ ಮೇಲೆ 10/100/1000 ಎಂದಿರಬೇಕು. ನಿಂಟೆಂಡೊ ಸ್ವಿಚ್‌ನ ಓಎಲ್ಇಡಿ ಮಾದರಿಯ ಡಾಕ್‌ನಲ್ಲಿ (ಟಿವಿಗೆ ಜೋಡಿಸಲು ಅದನ್ನು ಕೂರಿಸುವ ಸ್ಟ್ಯಾಂಡ್) ಲ್ಯಾನ್ ಪೋರ್ಟ್ ಇದೆ. ಮೊದಲ ಮಾದರಿಯದಾದರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬೇಕಾಗುತ್ತದೆ. ಇನ್ನೊಂದು ಅನುಕೂಲವನ್ನು ನಿಮ್ಮ ಮಕ್ಕಳು ಬೇಗನೆ ಗುರುತಿಸುತ್ತಾರೆ: 100 ಜಿಬಿಯ ಆಟವೊಂದು 300 ಎಂಬಿಪಿಎಸ್‌ನಲ್ಲಿ ಇಳಿಯಲು ಮುಕ್ಕಾಲು ಗಂಟೆ ಬೇಕು, ಆದರೆ ಒಂದು ಕಂಪ್ಯೂಟರಿನಲ್ಲಿ ಇಳಿದ ಸ್ಟೀಮ್ (ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ) ಆಟವನ್ನು ಪಕ್ಕದ ಕಂಪ್ಯೂಟರ್ ಇಂಟರ್ನೆಟ್‌ಗೆ ಹೋಗದೆ ಈ ಸ್ವಿಚ್ ಮೂಲಕವೇ ಸುಮಾರು ಕಾಲು ಗಂಟೆಯಲ್ಲಿ ಪಡೆಯಬಹುದು.

ಮುಂದೆ ರೂಟರ್ ಕೊಳ್ಳಲೇಬೇಕಾದರೆ ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬಬೇಡಿ. ಎಸಿ1200 ಎಂದರೆ ಎರಡು ಬ್ಯಾಂಡ್‌ಗಳ 300 ಮತ್ತು 867ನ್ನು ಕೂಡಿಸಿ ಹಿಗ್ಗಿಸಿ ಬರೆದದ್ದು. ಆ ದರ್ಜೆಯ ಎಷ್ಟೋ ರೂಟರ್‌ಗಳ ಲ್ಯಾನ್ ಪೋರ್ಟ್ ಇಂದಿಗೂ 100 ಎಂಬಿಪಿಎಸ್‌ನದ್ದೇ, ಅಂಥದ್ದರಲ್ಲಿ ನಿಮ್ಮ ಪ್ಲಾನಿನ ಮೂರರಲ್ಲಿ ಎರಡು ಪಾಲು ವ್ಯರ್ಥವಾಗುತ್ತದೆ. ಕಂಪನಿಯ ರೂಟರಿನ ಹಿಂದೆ ನಿಮ್ಮದನ್ನೂ ರೂಟರ್ ಆಗಿಯೇ ಜೋಡಿಸಿದರೆ ಮನೆಯೊಳಗಿನ ವಿಳಾಸವನ್ನು ಇಂಟರ್ನೆಟ್ ವಿಳಾಸಕ್ಕೆ ಬದಲಿಸುವ ಕೆಲಸ (ನ್ಯಾಟ್) ಎರಡು ಸಲ ನಡೆದು, ಪ್ಲೇಸ್ಟೇಷನ್ ನ್ಯಾಟ್ ಟೈಪ್ 3, ಅಂದರೆ ಬಿಗಿಯಾದ ಸಂಪರ್ಕ, ಎಂದು ತೋರಿಸಿ, ಸ್ನೇಹಿತರೊಡನೆ ಸೇರಿ ಆಡಲು ಮತ್ತು ವಾಯ್ಸ್ ಚಾಟ್‌ಗೆ ತೊಡಕಾಗಬಹುದು. ನಿಮ್ಮ ರೂಟರನ್ನು ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿಟ್ಟರೆ ಈ ತೊಂದರೆ ಇರುವುದಿಲ್ಲ.

ಕೇಬಲ್ ಹಾಕಿದ ಮೇಲೂ ಸಂಜೆ ಆಟ ತಡೆಯುತ್ತಿದ್ದರೆ, ಅದೇ ಹೊತ್ತಿಗೆ ಮನೆಯವರ ಫೋನುಗಳು ಫೋಟೊ, ವಿಡಿಯೊಗಳನ್ನು ಕ್ಲೌಡ್‌ಗೆ ಏರಿಸುತ್ತಿವೆಯೇ ಎಂದು ನೋಡಿ. ಅಪ್‌ಲೋಡ್ ದಾರಿ ತುಂಬಿದಾಗ ಆಟದ ಸಣ್ಣ ಪ್ಯಾಕೆಟ್‌ಗಳೂ ಅದರ ಹಿಂದೆ ಸಾಲು ನಿಲ್ಲುತ್ತವೆ. ಎಸ್‌ಕ್ಯೂಎಂ ಎಂಬ ಸೌಲಭ್ಯವಿರುವ ರೂಟರ್ ಈ ಸಾಲನ್ನು ಚೆನ್ನಾಗಿ ನಿಭಾಯಿಸುತ್ತದೆ. ಆಗ ರೂಟರಿಗೆ ಹಣ ಹಾಕುವುದರಲ್ಲಿ ಅರ್ಥವಿದೆ.

ಕರೆಂಟ್ ಹೋದಾಗಲೂ ನಡೆಯಲೆಂದು ಮಿನಿ ಯುಪಿಎಸ್ ಕೊಳ್ಳುವಿರಾದರೆ ವೋಲ್ಟೇಜ್ ಓದಿಕೊಳ್ಳಿ. ಫೈಬರ್ ರೂಟರ್‌ಗಳು ಹೆಚ್ಚಾಗಿ 12 ವೋಲ್ಟ್‌ನವು, ಸಣ್ಣ ಸ್ವಿಚ್‌ಗಳು ಹಲವು 5 ವೋಲ್ಟ್‌ನವು. ಎರಡರ ಪಿನ್ ಒಂದೇ ಅಳತೆಯದಾಗಿರಬಹುದಾದ್ದರಿಂದ ಆಯಾ ವೈರಿಗೆ ಒಂದು ಚೀಟಿ ಅಂಟಿಸಿಡಿ, ಅದಲುಬದಲಾದರೆ ಸ್ವಿಚ್ ಸುಟ್ಟುಹೋಗುತ್ತದೆ.