ಪ್ರತಿಕ್ರಿಯೆ: ಗಡ್ಡ ಸುಟ್ಟಿದ್ದಕ್ಕೇ ಕಿಮ್ ಬುಸಿಕ್‌ನ ಮಗನನ್ನು ಕೊಂದರೇ?

ವಿದ್ವಾಂಸ ಮಂತ್ರಿ ಕಿಮ್ ಬುಸಿಕ್‌ನ ಮಗ ಮೋಂಬತ್ತಿಯಿಂದ ಒಬ್ಬ ಸೇನಾಧಿಕಾರಿಯ ಗಡ್ಡ ಸುಟ್ಟನಂತೆ, ಅದಕ್ಕೇ ಅವನನ್ನು ಕೊಂದರೇ ಅಂತ ನೀವು ಕೇಳಿದಿರಿ. ಆ ಪ್ರಸಂಗ ಕೊರಿಯಾದ ಗೊರ್ಯೊ ರಾಜವಂಶದ ಇತಿಹಾಸದಲ್ಲೇ ದಾಖಲಾಗಿದೆ. ಆದರೆ ಕೊಲೆಗೆ ಅದೊಂದೇ ಕಾರಣ ಅಂತ ನನಗನ್ನಿಸುವುದಿಲ್ಲ.

ವರ್ಷದ ಕೊನೆಯ ರಾತ್ರಿ, ಅರಮನೆಯಲ್ಲಿ ದೆವ್ವ ಓಡಿಸುವ ಆಚರಣೆ. ಬುಸಿಕ್‌ನ ಮಗ, ಹುಡುಗುಬುದ್ಧಿಯ ಕಿಮ್ ದೊನ್‌ಜುಂಗ್ ಮೋಂಬತ್ತಿ ಹಿಡಿದು, ಸೇನಾಧಿಕಾರಿ ಜೊಂಗ್ ಜುಂಗ್‌ಬುವಿನ ಗಡ್ಡ ಸುಟ್ಟ. ಜೊಂಗ್ ಅವನನ್ನು ಹಿಡಿದು ಬಾರಿಸಿದ. ಅಪ್ಪ ಬುಸಿಕ್ ಮಗನನ್ನು ಗದರಲಿಲ್ಲ. ಜೊಂಗ್‌ನನ್ನೇ ಕಟ್ಟಿಹಾಕಿ ದಂಡಿಸಬೇಕೆಂದು ಪಟ್ಟು ಹಿಡಿದ. ದೊರೆ ಇಂಜೊಂಗ್ ಹೂಂ ಅಂದು, ಗುಟ್ಟಾಗಿ ಜೊಂಗ್‌ನನ್ನು ತಪ್ಪಿಸಿಬಿಟ್ಟ.

ಇಲ್ಲಿ ಕಾಣುವುದು ವಿದ್ವಾಂಸ ಮನೆತನದ ದರ್ಪ. ಬುಸಿಕ್ ಸೇರಿ ಅಣ್ಣತಮ್ಮಂದಿರು ನಾಲ್ವರೂ ರಾಜ್ಯ ಪರೀಕ್ಷೆ ಪಾಸಾದವರು. 1135ರಲ್ಲಿ ಮ್ಯೋಚೊಂಗ್ ಎಂಬ ಬೌದ್ಧ ಭಿಕ್ಷು ಎಬ್ಬಿಸಿದ ದಂಗೆ ಅಡಗಿಸಲು ಸೈನ್ಯ ನಡೆಸಿದ್ದೂ ಬುಸಿಕ್‌ನೇ. 1145ರಲ್ಲಿ ಕೊರಿಯಾದ ಹಳೆಯ ಮೂರು ರಾಜ್ಯಗಳ ಇತಿಹಾಸವಾದ 50 ಸಂಪುಟಗಳ 'ಸಾಮ್‌ಗುಕ್ ಸಾಗಿ'ಯನ್ನು ದೊರೆಗೆ ಒಪ್ಪಿಸಿದ, 1151ರಲ್ಲಿ ತೀರಿಕೊಂಡ. ಸೈನಿಕರಿಗೆ ಮಾತ್ರ ಆಸ್ಥಾನದಲ್ಲಿ ಅವಮಾನವೇ ಗತಿ.

1170ರಲ್ಲಿ ಅದೇ ಜೊಂಗ್‌ನ ಮುಂದಾಳತ್ವದಲ್ಲಿ ಸೈನಿಕರು ತಿರುಗಿಬಿದ್ದಾಗ ಪೆಟ್ಟು ಬಿದ್ದದ್ದು ಒಂದು ಮನೆಗಲ್ಲ, ಇಡೀ ವಿದ್ವಾಂಸ ವರ್ಗಕ್ಕೆ. ದೊನ್‌ಜುಂಗ್ ಗಾಮಾಕ್ ಬೆಟ್ಟಕ್ಕೆ ಓಡಿದ. ಅವನ ಆಳೇ ಹಿಡಿದುಕೊಟ್ಟ, ಅವನನ್ನು ಕೊಂದರು. ಆದರೂ ವಂಶ ಅಳಿಯಲಿಲ್ಲ: ಅವನ ಮಗ ಕಿಮ್ ಗುನ್‌ಸು ಮುಂದೆ ಪರೀಕ್ಷೆ ಪಾಸಾಗಿ ಅಧಿಕಾರಿಯಾದ.